ಕೇಳುವ ಯಂತ್ರ

ಹೋದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದಾಗ ನಮ್ಮ ಮನೆಯಲ್ಲೊಂದು ಸಣ್ಣ ಪ್ರಸಂಗ ನಡೆಯಿತು. ನನ್ನ ತಂಗಿಯ ಮೊಮ್ಮಗಳು, ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗಿ, ರಜೆಗೆಂದು ಜೇವರ್ಗಿಯಿಂದ ಕಲಬುರಗಿಗೆ ಬಂದಿದ್ದಳು. ಶಾಲೆಯಲ್ಲಿ ಅವಳಿಗೆ ಗಣಕಯಂತ್ರದ ಪಾಠ ಆರಂಭವಾಗಿದೆಯಂತೆ. ತಾನೇ ಬರೆದ ಪ್ರೋಗ್ರಾಮೊಂದನ್ನು ತೆರೆದು ಯಂತ್ರವನ್ನು ನನ್ನ ಮುಂದೆ ತಂದಿರಿಸಿದಳು.

"ಮುತ್ಯಾ, ಇದು ನಿಮಗ ಮೂರು ಪ್ರಶ್ನಿ ಕೇಳ್ತದ. ಉತ್ತರ ಹೊಡೀರಿ, ಆಮ್ಯಾಲ ನೋಡ್ರಿ ಗಮ್ಮತ್ತು" ಎಂದಳು.

ಮೊದಲನೆಯ ಪ್ರಶ್ನೆ ಹೆಸರು. ಕೊಟ್ಟೆ. ಯಂತ್ರ ನಮಸ್ಕರಿಸಿತು. ಎರಡನೆಯದು ವಯಸ್ಸು. 71 ಎಂದು ಒತ್ತಿದೆ. "ಬರುವ ವರ್ಷ ನಿಮಗೆ 711 ವರ್ಷ ತುಂಬುವುದು" ಎಂದು ಪರದೆಯ ಮೇಲೆ ಅಕ್ಷರಗಳು ಮೂಡಿದವು. ಶತಾಯುಷಿಯಾಗೆಂದು ಹರಸಿದ ಹಿರಿಯರನ್ನು ಕಂಡಿದ್ದೇನೆ. ಏಳುನೂರು ವರ್ಷಗಳನ್ನು ದಯಪಾಲಿಸಿದ ಉದಾರಿಯನ್ನು ಕಂಡದ್ದು ಅದೇ ಮೊದಲು. ಮೂರನೆಯ ಪ್ರಶ್ನೆ ಊರು. ನಾನು ಹುಟ್ಟಿ ಬೆಳೆದದ್ದು ಜೇವರ್ಗಿಯಲ್ಲಿಯೇ. ಚಿಕ್ಕಂದಿನಲ್ಲಿ ಬರೆಯಲು ಕಲಿತಂತೆ 'ಜೇವರಗಿ' ಎಂದು ಬರೆದೆ. ಯಂತ್ರ ಹೇಳಿತು: "ನೀವು ಪರಸ್ಥಳದವರು. ನಮ್ಮ ಕಡೆಗೆ ಸ್ವಾಗತ!"

ಮನೆಯವರೆಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹುಡುಗಿಯ ಮುಖ ಮಾತ್ರ ಬಾಡಿತು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರರಲ್ಲಿ ಯಾವುದಾದರೊಂದು ಊರನ್ನು ಹೇಳಿದವರನ್ನು "ನಮ್ಮವರೇ!" ಎಂದು ಕರೆಯತಕ್ಕದ್ದೆಂದು ಅವಳು ಯಂತ್ರಕ್ಕೆ ವಿಧಿಸಿದ್ದಳು. ಅವಳ ತಾಯಿಯ ತವರು ಆಳಂದ, ದೊಡ್ಡಮ್ಮನ ಮನೆ ಅಫಜಲಪುರ. ತನ್ನ ಬಂಧುವರ್ಗವನ್ನೆಲ್ಲ ಒಂದು ಸಾಲಿನಲ್ಲಿ ಬರೆದುಕೊಟ್ಟಿದ್ದರೂ ಯಂತ್ರ ಮುತ್ಯಾನನ್ನೇ ಹೊರಗೆ ನಿಲ್ಲಿಸಿತಲ್ಲ ಎಂದು ಅವಳಿಗೆ ಖೇದ.

ಧಾರಾವಾಹಿಯ ಪುಟದಿಂದ ನೇರವಾಗಿ ಈ ಪುಟಕ್ಕೆ ಬರುವ ವಾಚಕರು ಇಷ್ಟು ಹೊತ್ತಿಗೆ 'ಈ ವಾರ ಗಣಕಯಂತ್ರದ ಗೋಳೆ?' ಎಂದು ಮಗುಚಿಹಾಕಬಾರದಾಗಿ ವಿನಂತಿ. ಪ್ರೋಗ್ರಾಮು ಬರೆಯುವವರಿಗೆ ಮಾತ್ರ ಸಂಬಂಧಿಸಿದ ವಿಷಯ ಇದಲ್ಲ. ನಿಮ್ಮ ಹೆಸರೂ ಊರೂ ಇಂದು ಯಾವುದೋ ಒಂದು ಕೀಲಿಮಣೆಯ ಮೂಲಕವೇ ಸರಕಾರದ ಕಡತಗಳನ್ನು ಸೇರಿ ಕುಳಿತಿವೆ.

ಕನ್ನಡದಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದಕ್ಕೆ ಎರಡರ್ಥ. ಪ್ರಶ್ನೆ ಹಾಕುವುದೂ ಕೇಳುವುದೇ, ಹೇಳಿದ್ದಕ್ಕೆ ಕಿವಿಗೊಡುವುದೂ ಕೇಳುವುದೇ. ಯಂತ್ರಕ್ಕೆ ಮೊದಲನೆಯದು ಬಹು ಸುಲಭ, ಎರಡನೆಯದೇ ಕಷ್ಟ. ಪ್ರಾರಂಭದಲ್ಲಿ ಅದಕ್ಕೆ ಮೊದಲನೆಯದೂ ಗೊತ್ತಿರಲಿಲ್ಲ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಗಣಿತಾಧ್ಯಾಪಕರು ಹೊಸಬರಿಗೆಂದೇ 'ಬೇಸಿಕ್' ಎಂಬ ಸರಳ ಭಾಷೆಯನ್ನು ನಿರ್ಮಿಸಿದರು. ಅದರ ಮೊದಲ ಆವೃತ್ತಿಯಲ್ಲಿ ಎದುರಿಗೆ ಕುಳಿತವನನ್ನು ಪ್ರಶ್ನಿಸುವ ಪದವೇ ಇರಲಿಲ್ಲ. ಬೇಕಾದ ಅಂಕಿಗಳನ್ನೆಲ್ಲ ಪ್ರೋಗ್ರಾಮಿನೊಳಗೇ ಮುಂಚಿತವಾಗಿ ಬರೆದಿಡಬೇಕಾಗಿತ್ತು, ಬುತ್ತಿ ಕಟ್ಟಿಕೊಂಡು ಪ್ರಯಾಣ ಹೊರಟಂತೆ. 'ಇನ್‌ಪುಟ್' ಎಂಬ ಆಜ್ಞೆ ಸೇರಿದ್ದು 1966ರಲ್ಲಿ. ಅಂದಿನಿಂದ ಯಂತ್ರವು ನಡುದಾರಿಯಲ್ಲಿ ನಿಂತು, ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮುಂದಿಟ್ಟು, ಮನುಷ್ಯನ ಉತ್ತರಕ್ಕಾಗಿ ಕಾಯುವುದನ್ನು ಕಲಿಯಿತು.

ಕಾಯುವುದೆಂದೆ. ಎಷ್ಟು ಹೊತ್ತು? ನೀವು 'ಎಂಟರ್' ಎಂಬ ಕೀಲಿಯನ್ನು ಒತ್ತುವವರೆಗೆ. ಸಾಮಾನ್ಯವಾಗಿ ಅದನ್ನು ಒತ್ತುವ ತನಕ ನೀವು ಬರೆದುದು, ಅಳಿಸಿದುದು, ಮತ್ತೆ ಬರೆದುದು ಯಾವುದೂ ಪ್ರೋಗ್ರಾಮಿನ ಗಮನಕ್ಕೇ ಬರುವುದಿಲ್ಲ. ಬರೆದ ಅರ್ಜಿಯನ್ನು ಕಿಟಕಿಯೊಳಕ್ಕೆ ತಳ್ಳುವ ಕ್ಷಣದಂತೆ ಅದು. ಇದರಲ್ಲಿಯೂ ಒಂದು ಮೋಜುಂಟು. 'ಸಿ' ಎಂಬ ಭಾಷೆಯನ್ನು ಕಲಿಯುವ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲಿಯೇ ಇದಕ್ಕೆ ಬಲಿಯಾಗುತ್ತಾರೆ. ಮೊದಲು ವಯಸ್ಸು ಕೇಳಿ, ಅನಂತರ ಒಂದಕ್ಷರದ ಉತ್ತರವೊಂದನ್ನು ಕೇಳುವಂತೆ ಪ್ರೋಗ್ರಾಮು ಬರೆದಿರುತ್ತಾರೆ. ವಯಸ್ಸು ಒತ್ತಿದ ಮರುಕ್ಷಣವೇ ಎರಡನೆಯ ಪ್ರಶ್ನೆ ತಾನಾಗಿ ಮುಗಿದುಹೋಗುತ್ತದೆ. ಉತ್ತರ ಕೊಡಲು ಅವಕಾಶವೇ ಇಲ್ಲ! ಕಾರಣವೇನೆಂದರೆ, ವಯಸ್ಸಿನ ಅಂಕಿಗಳನ್ನು ಎತ್ತಿಕೊಂಡ ಪ್ರೋಗ್ರಾಮು ಅದರ ಹಿಂದೆ ಒತ್ತಿದ ಎಂಟರ್ ಕೀಲಿಯ ಗುರುತನ್ನು ಅಲ್ಲಿಯೇ ಬಿಟ್ಟಿರುತ್ತದೆ. ಎರಡನೆಯ ಪ್ರಶ್ನೆಗೆ ಆ ಗುರುತೇ ಉತ್ತರವಾಗಿ ಸಲ್ಲುತ್ತದೆ. ಎಂಜಲು ತೆಗೆಯದ ಎಲೆಯ ಮೇಲೆ ಎರಡನೆಯ ಪಂಕ್ತಿಗೆ ಬಡಿಸಿದ ಹಾಗೆ.

ಇರಲಿ, ನನ್ನ 711 ವರ್ಷಗಳಿಗೆ ಬರೋಣ. ಕೀಲಿಮಣೆಯಿಂದ ಬರುವುದೆಲ್ಲವೂ ಯಂತ್ರಕ್ಕೆ ಬರಿಯ ಗುರುತುಗಳ ಸರಮಾಲೆ. ಪ್ರತಿ ಗುರುತಿಗೂ ಒಂದು ಕ್ರಮಸಂಖ್ಯೆ. 7 ಎಂಬ ಅಂಕಿಯ ಕ್ರಮಸಂಖ್ಯೆ 55, 1 ಎಂಬುದರದು 49. ನಾನು ಎಪ್ಪತ್ತೊಂದು ಎಂದುಕೊಂಡು ಒತ್ತಿದ್ದು ಯಂತ್ರಕ್ಕೆ ತಲಪಿದ್ದು 55, 49 ಎಂದು. ಅದು ವಯಸ್ಸೋ ಮನೆಯ ನಂಬರೋ ಬಸ್ಸಿನ ನಂಬರೋ ಅದಕ್ಕೇನು ಗೊತ್ತು? 'ಇದನ್ನು ಸಂಖ್ಯೆಯೆಂದು ಭಾವಿಸು' ಎಂದು ಪ್ರತ್ಯೇಕವಾಗಿ ಹೇಳಬೇಕು. ಹುಡುಗಿ ಅದನ್ನು ಹೇಳಿರಲಿಲ್ಲ. ಅವಳು ಬಳಸಿದ 'ಜಾವಾಸ್ಕ್ರಿಪ್ಟ್' ಭಾಷೆ ಬಹಳ ದಾಕ್ಷಿಣ್ಯದ ಸ್ವಭಾವದ್ದು. ಅಕ್ಷರಗಳಿಗೆ ಒಂದನ್ನು ಕೂಡಿಸು ಎಂದರೆ, ಇಲ್ಲವೆನ್ನಲಾರದೆ, ಪಕ್ಕದಲ್ಲಿ ಒಂದನ್ನು ಅಂಟಿಸಿಕೊಟ್ಟು ಸುಮ್ಮನಾಯಿತು. 'ಪೈಥಾನ್' ಎಂಬ ಇನ್ನೊಂದು ಭಾಷೆಯಲ್ಲಿ ಹೀಗೆ ಮಾಡಿದ್ದರೆ, ಅಕ್ಷರಕ್ಕೂ ಸಂಖ್ಯೆಗೂ ಕೂಡಿಕೆ ಸಾಧ್ಯವಿಲ್ಲವೆಂದು ಗದರಿ ಕೆಲಸವನ್ನೇ ನಿಲ್ಲಿಸುತ್ತಿತ್ತು. ಹಳೆಯ ಬೇಸಿಕ್ಕಿಗೆ ಅಂಕಿಯ ಜಾಗದಲ್ಲಿ ಅಕ್ಷರ ಕೊಟ್ಟರೆ 'ಮೊದಲಿನಿಂದ ಮಾಡು' ಎಂದು ಮೇಷ್ಟರಂತೆ ತಿರುಗಿ ಕೇಳುತ್ತಿತ್ತು. ಗದರುವವನಿಂದ ಹಾನಿ ಕಡಮೆ. ತಪ್ಪನ್ನು ನುಂಗಿ ನಗುಮುಖದಿಂದ ಕಳುಹಿಸುವವನಿಂದಲೇ ಹೆಚ್ಚು ಅಪಾಯ ಎಂದು ನನ್ನ ಅನಿಸಿಕೆ.

ನನಗೂ ಸ್ವಲ್ಪ ಹಟ ಬಂದಿತು. ನಮ್ಮ ಕಾಲದ ಪುಸ್ತಕಗಳಲ್ಲಿ ಅಚ್ಚಾಗುತ್ತಿದ್ದ ಕನ್ನಡದ ಅಂಕಿಗಳಲ್ಲಿಯೇ ೭೧ ಎಂದು ಕೊಡುವೆನೆಂದೆ. ಹುಡುಗಿ ಅಷ್ಟರಲ್ಲಿ 'ಸಂಖ್ಯೆಯೆಂದು ಭಾವಿಸು' ಎಂಬ ಮಾತನ್ನು ಸೇರಿಸಿದ್ದಳು. ಆದರೂ ಯಂತ್ರ 'ಇದು ಸಂಖ್ಯೆಯೇ ಅಲ್ಲ' ಎಂದಿತು. ಇದೇ ೭೧ನ್ನು ಪೈಥಾನ್ ತಕರಾರಿಲ್ಲದೆ ಎಪ್ಪತ್ತೊಂದೆಂದು ಒಪ್ಪಿಕೊಳ್ಳುತ್ತದೆ! ಅಂದರೆ ಕನ್ನಡದ ಅಂಕಿ ಅಂಕಿಯೇ ಅಲ್ಲವೇ ಎಂಬುದು ಆ ಭಾಷೆಯನ್ನು ಕಟ್ಟಿದವರು ಎಲ್ಲಿಯೋ ಕುಳಿತು ಮಾಡಿದ ತೀರ್ಮಾನವನ್ನು ಅವಲಂಬಿಸಿದೆ.

ಇನ್ನು ಊರಿನ ಪ್ರಶ್ನೆ. ಇಲ್ಲಿಯೇ ವಿಷಯ ಗಹನವಾಗುವುದು. 'ಜೇವರ್ಗಿ' ಮತ್ತು 'ಜೇವರಗಿ' ಎರಡೂ ಒಂದೇ ಊರೆಂಬುದು ಬಸ್ಸಿನ ಕಂಡಕ್ಟರಿಗೂ ಗೊತ್ತು. ಯಂತ್ರವು ಗುರುತಿಗೆ ಗುರುತನ್ನು ಜೋಡಿಸಿ ನೋಡುತ್ತದೆ, ಅಷ್ಟೆ. ಕಣ್ಣಿಗೆ 'ಜೇವರ್ಗಿ' ಮೂರಕ್ಷರ, 'ಜೇವರಗಿ' ನಾಲ್ಕಕ್ಷರ. ಯಂತ್ರದ ಎಣಿಕೆಯಲ್ಲಿ ಮೊದಲನೆಯದಕ್ಕೆ ಏಳು ಗುರುತು, ಎರಡನೆಯದಕ್ಕೆ ಆರು! ಒತ್ತಕ್ಷರವನ್ನು ಮೂಡಿಸಲು ನಡುವೆ ಒಂದು ಅರ್ಧಾಕ್ಷರದ ಕೊಂಡಿ ಬೇಕಾಗುವುದರಿಂದ, ಕಣ್ಣಿಗೆ ಚಿಕ್ಕದಾಗಿ ಕಂಡದ್ದು ಯಂತ್ರಕ್ಕೆ ದೊಡ್ಡದು.

ಸರಿ, ಅವಳು ಹೇಳಿದಂತೆಯೇ 'ಜೇವರ್ಗಿ' ಎಂದು ತಿದ್ದಿ ಬರೆದೆ. ಮತ್ತೆ ಪರಸ್ಥಳದವನೇ ಆದೆ. ಈ ಸಲ ಅವಳಿಗೂ ಆಶ್ಚರ್ಯ. ಹುಡುಕಿ ನೋಡಿದರೆ, ಪ್ರತಿ ಪದದ ಕೊನೆಗೂ ಹೆಬ್ಬೆರಳಿನಿಂದ ಉದ್ದ ಕೀಲಿಯನ್ನು ತಟ್ಟುವುದು ಟೈಪ್‌ರೈಟರಿನ ಕಾಲದಿಂದ ನನಗೆ ಬಂದ ಅಭ್ಯಾಸ. ಹೆಸರಿನ ಬಾಲಕ್ಕೆ ಒಂದು ಖಾಲಿ ಜಾಗ ಅಂಟಿಕೊಂಡಿತ್ತು. ಖಾಲಿ ಎಂಬುದು ನಮಗೆ. ಯಂತ್ರಕ್ಕೆ ಅದೂ ಒಂದು ಗುರುತು, ಕ್ರಮಸಂಖ್ಯೆ 32. ಬಂದ ಉತ್ತರದ ಹಿಂದುಮುಂದಿನ ಖಾಲಿಗಳನ್ನು ಕೊಡವಿ ತೆಗೆಯುವುದು ಪ್ರೋಗ್ರಾಮು ಬರೆಯುವವರ ಮೊದಲ ಪಾಠವಂತೆ. ಅಕ್ಕಿಯನ್ನು ಬೇಯಿಸುವ ಮುನ್ನ ಆರಿಸುವಂತೆ.

ಆರಿಸಿದರೂ ಸಿಗದ ಕಲ್ಲುಗಳುಂಟು. ಜಗತ್ತಿನ ಲಿಪಿಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟಿರುವ 'ಯೂನಿಕೋಡ್' ಎಂಬ ಪಟ್ಟಿಯಲ್ಲಿ 'ಜೇ' ಅಕ್ಷರದ ದೀರ್ಘದ ಗುರುತನ್ನು ಎರಡು ವಿಧದಿಂದ ಬರೆಯಬಹುದು. 3271 ಎಂಬ ಒಂದೇ ಗುರುತಾಗಿ, ಇಲ್ಲವೆ ಹ್ರಸ್ವದ 3270 ಮತ್ತು ದೀರ್ಘದ ಬಾಲ 3285 ಎಂಬ ಎರಡು ಗುರುತುಗಳಾಗಿ. ಪರದೆಯ ಮೇಲೆ ಎರಡೂ ಒಂದೇ 'ಜೇ'. ಭೂತಗನ್ನಡಿ ಹಿಡಿದರೂ ಭೇದ ಕಾಣದು. ಎರಡನ್ನೂ ಮೊದಲು ಒಂದೇ ರೂಪಕ್ಕೆ ತಂದುಕೊಂಡು ಹೋಲಿಸಬೇಕೆಂದು ಯೂನಿಕೋಡಿನವರೇ ವಿಧಿ ಮಾಡಿದ್ದಾರೆ. ಆ ವಿಧಿಯನ್ನು ಮರೆತ ಪ್ರೋಗ್ರಾಮಿನಲ್ಲಿ ಜೇವರ್ಗಿಯೂ ಜೇವರ್ಗಿಯೂ ಬೇರೆ ಬೇರೆ.

ಅಫಜಲಪುರದವರ ಪಾಡು ಇನ್ನೂ ಒಂದು ಪಟ್ಟು ಹೆಚ್ಚು. ಆ ಹೆಸರನ್ನು ಅಫಜಲಪುರ, ಅಫ್ಜಲಪುರ, ಅಫಜಲ್ಪುರ ಎಂದೆಲ್ಲ ಬರೆಯುವವರಿದ್ದಾರೆ. ಕೆಲವರು 'ಅಫಜಲ್‌ಪುರ' ಎಂದು ಲಕಾರವನ್ನೂ ಪಕಾರವನ್ನೂ ಬಿಡಿಯಾಗಿ ನಿಲ್ಲಿಸಿ ಬರೆಯುತ್ತಾರೆ. ಹಾಗೆ ನಿಲ್ಲಿಸಬೇಕಾದರೆ ನಡುವೆ ಒಂದು ಅದೃಶ್ಯವಾದ ಗುರುತನ್ನು ಇಡಬೇಕು. ಅದರ ಕ್ರಮಸಂಖ್ಯೆ 8204. ಅದಕ್ಕೆ ಆಕಾರವಿಲ್ಲ, ಅಗಲವಿಲ್ಲ, ಉಚ್ಚಾರಣೆಯಿಲ್ಲ. 'ಇವೆರಡೂ ಕೂಡದಿರಲಿ' ಎಂದು ಹೇಳುವುದೊಂದೇ ಅದರ ಉದ್ಯೋಗ. ಭೀಮಾನದಿಯ ದಂಡೆಯ ಒಂದು ತಾಲ್ಲೂಕಿನ ಹೆಸರಿನೊಳಗೆ ಇಂಥದೊಂದು ಅಶರೀರಿ ಕುಳಿತಿದೆಯೆಂದು, ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಆ ತಾಲ್ಲೂಕಿಗೆ ಹೋಗಿಬರುವ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆಳಂದದ ಸಂಗತಿಯೇ ಬೇರೆ. ಅಲ್ಲಿ ತೊಡಕು ಬೆರಳಿನದು. ಕೆ. ಪಿ. ರಾವ್ ಅವರು ರೂಪಿಸಿದ, 'ನುಡಿ' ತಂತ್ರಾಂಶದಲ್ಲಿ ಬಳಕೆಗೆ ಬಂದ ಕನ್ನಡ ಕೀಲಿಮಣೆ ನಿಜಕ್ಕೂ ಒಂದು ಸುಂದರವಾದ ಏರ್ಪಾಡು. ಇಂಗ್ಲಿಷಿನ ಕೀಲಿಗಳ ಮೇಲೆಯೇ ಕನ್ನಡದ ವರ್ಣಮಾಲೆಯನ್ನೆಲ್ಲ ಹೊಂದಿಸಲಾಗಿದೆ. ಸುಮ್ಮನೆ ಒತ್ತಿದರೆ ಅ, 'ಶಿಫ್ಟ್' ಎಂಬ ಕೀಲಿಯೊಡನೆ ಒತ್ತಿದರೆ ಆ. ಹಾಗೆಯೇ ಲ ಮತ್ತು ಳ ಒಂದೇ ಕೀಲಿಯಲ್ಲಿ, ನ ಮತ್ತು ಣ ಒಂದೇ ಕೀಲಿಯಲ್ಲಿ, ಸ ಮತ್ತು ಶ ಒಂದೇ ಕೀಲಿಯಲ್ಲಿ. ಅನುಸ್ವಾರವು ಮಕಾರದ ಮೇಲೆ. ಆಳಂದ ಎಂಬುದಕ್ಕೆ ನಾಲ್ಕೇ ಪೆಟ್ಟು. ಆದರೆ ಮೊದಲ ಮೂರಕ್ಕೂ ಶಿಫ್ಟ್ ಬೇಕು. ಆ ಕೀಲಿ ಸವೆದಿದ್ದರೆ, ಅಥವಾ ಸಂಜೆ ಐದರ ಹೊತ್ತಿಗೆ ಒತ್ತುವ ಕಿರುಬೆರಳು ಸೋತಿದ್ದರೆ, ಅದೇ ನಾಲ್ಕು ಪೆಟ್ಟಿಗೆ 'ಅಲಮದ' ಎಂದಾಗುತ್ತದೆ. ಅಲಮದ ಎಂಬ ಊರು ಭೂಮಂಡಲದಲ್ಲಿ ಇಲ್ಲವೆಂದು ಯಂತ್ರ ತಾನಾಗಿ ಆಕ್ಷೇಪಿಸುವುದಿಲ್ಲ.

ಊರಿಗಾದರೆ ನಕ್ಕು ಬಿಡಬಹುದು; ಮನುಷ್ಯರ ಹೆಸರಿಗಾದರೆ? ನಮ್ಮ ಕಡೆ ಮನೆಗೊಬ್ಬ ಶರಣಪ್ಪನಿದ್ದಾನೆ. ನಮ್ಮ ಬಂಧುಗಳೊಬ್ಬರ ಹೆಸರೂ ಅದೇ ಎಂದಿಟ್ಟುಕೊಳ್ಳಿ. ಬಹಳ ವರ್ಷಗಳ ಹಿಂದೆ ಅವರ ಹೊಲದ ಕಾಗದದಲ್ಲಿ ಆ ಹೆಸರು 'ಸರನಪ್ಪ' ಎಂದು ಅಚ್ಚಾಗಿ ಬಂದಿತು. ಅಕ್ಷರಗಳನ್ನು ನೋಡಿದರೆ ಕಾರಣ ಸ್ಪಷ್ಟ: ಎರಡು ಸಲ ಶಿಫ್ಟ್ ಕೀಲಿ ಕೆಳಗಿಳಿದಿರಲಿಲ್ಲ. ಶರಣರ ನಾಡಿನಲ್ಲಿ ಶರಣನೇ ಸರನನಾದ! ಕಿಟಕಿಯಲ್ಲಿ ಕೇಳಿದರೆ "ಕಂಪ್ಯೂಟರ್‌ನ್ಯಾಗ ಹಂಗೇ ಬಂದದ್ರಿ" ಎಂಬ ಉತ್ತರ. ಹಂಗೇ ಬಂದದ್ದನ್ನು ಹಿಂಗ ಮಾಡಲು ಪ್ರಮಾಣಪತ್ರ, ಪಂಚರ ರುಜು, ಎಂಟು ತಿಂಗಳ ಅಲೆದಾಟ. ಆ ವರ್ಷದ ತೊಗರಿಗೆ ಅವರಿಗೆ ಸಾಲ ದೊರೆಯಲಿಲ್ಲ. ಬಡ್ಡಿಗೆ ಕೈಗಡ ತಂದರು. ಸಾಲದ ಕಾಗದಕ್ಕೂ ಹೊಲದ ಕಾಗದಕ್ಕೂ ಹೆಸರು ತಾಳೆಯಾಗಲಿಲ್ಲವೆಂಬುದು ಕೊಟ್ಟ ಕಾರಣ. 'ನನ್ನ ಹೆಸರು ಏನಂತ ಆ ಡಬ್ಬಿ ನನಗ ಒಮ್ಮಿಯಾದ್ರೂ ಕೇಳಿತ್ತೇನು?' ಎಂದು ಅವರು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆ ಮಾತಿನ ತೂಕ ತಿಳಿಯಬೇಕಾದರೆ 'ಭೂಮಿ' ಎಂಬ ಯೋಜನೆಯ ಕಥೆಯನ್ನು ನೆನೆಯಬೇಕು. ಕರ್ನಾಟಕದ ಪಹಣಿಗಳು ಹಿಂದೆ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರವರ ದಫ್ತರದಲ್ಲಿ ಇರುತ್ತಿದ್ದವು. ನಮ್ಮ ಜಿಲ್ಲೆಯು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತಷ್ಟೆ. ಆ ಕಾಲದ ಕಾಗದಪತ್ರಗಳಲ್ಲಿ ಉರ್ದು ನಡೆಯುತ್ತಿತ್ತು, ಉರ್ದುವಿನಲ್ಲಿ ಳಕಾರವಿಲ್ಲ. ಆದುದರಿಂದ ಹೆಸರುಗಳು ವೇಷ ಬದಲಿಸಿಕೊಂಡದ್ದು ಯಂತ್ರ ಬಂದ ಮೇಲೆಯೇ ಎಂದೇನೂ ಅಲ್ಲ. 2002ರ ಹೊತ್ತಿಗೆ ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲಿ, ಎಂದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳೂ ಸೇರಿದಂತೆ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪ್ರತಿ ದೊರೆಯುತ್ತಿತ್ತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ಎರಡು ಕೋಟಿ ದಾಖಲೆಗಳು! ಒಂದೊಂದನ್ನೂ ಯಾರೋ ಒಬ್ಬರು ಕುಳಿತು ಕೀಲಿಮಣೆಯ ಮೇಲೆ ಕುಟ್ಟಬೇಕಾಗಿತ್ತು. ಕುಟ್ಟಿದ್ದನ್ನು ಅಚ್ಚು ತೆಗೆದು ಗ್ರಾಮಲೆಕ್ಕಿಗರಿಗೆ ತಾಳೆ ನೋಡಲು ಕೊಟ್ಟರು. ಇಷ್ಟಾದರೂ ತಪ್ಪು ನುಸುಳದಿರುವುದು ಮನುಷ್ಯಮಾತ್ರರಿಗೆ ಸಾಧ್ಯವೆ?

ಆ ಯೋಜನೆಯನ್ನು ಕಟ್ಟಿದವರಿಗೆ ಇದು ತಿಳಿದಿತ್ತೆಂಬುದಕ್ಕೆ ಮೂರು ಏರ್ಪಾಡುಗಳು ಸಾಕ್ಷಿ. ಕೆಲಸ ಮಾಡುವ ನೌಕರ ಹೆಬ್ಬೆಟ್ಟಿನ ಗುರುತು ಕೊಟ್ಟಲ್ಲದೆ ಯಂತ್ರ ಬಾಗಿಲು ತೆರೆಯದು. ಯಾರ ಕೈಯಿಂದ ಏನು ಬಂದಿತೆಂಬುದು ಅಲ್ಲಿ ದಾಖಲಾಗುತ್ತದೆ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಎತ್ತಿಕೊಳ್ಳಬೇಕು, ಹಿಂದೆ ಬಂದವನನ್ನು ಮುಂದೆ ತೂರಿಸುವಂತಿಲ್ಲ. ಇವೆರಡೂ ಸರಿಯೇ. ನನ್ನ ಮನಸ್ಸಿಗೆ ಬಹಳ ಹಿಡಿದದ್ದು ಮೂರನೆಯದು: ಕಿಟಕಿಯಲ್ಲಿ ನೌಕರನಿಗೊಂದು ಪರದೆ, ಹೊರಗೆ ನಿಂತ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆ. ಒಳಗೆ ನಡೆಯುವುದು ಹೊರಗಿನವನಿಗೂ ಕಾಣಬೇಕು. ಓದು ಬಲ್ಲ ರೈತ "ಸಾಹೇಬ್ರ, ಅದು ಸ ಅಲ್ಲ, ಶ ಆಗಬೇಕು" ಎಂದು ಅಲ್ಲಿಯೇ ಹೇಳಬಹುದು. ಓದು ಬಾರದವನು ಪಕ್ಕದವನ ಕೈಯಲ್ಲಿ ಓದಿಸಿಯಾನು. ಯಂತ್ರವು ಕೇಳಿಸಿಕೊಂಡದ್ದು ಸರಿಯೇ ಎಂದು ಹೇಳಬಲ್ಲವನು ಆ ಹೆಸರಿನ ಒಡೆಯನೊಬ್ಬನೇ ಅಲ್ಲವೆ? ನಮ್ಮ ಬಂಧುಗಳ ಹೆಸರು ಮೊದಲು ಕುಟ್ಟಲ್ಪಟ್ಟಾಗ ಅವರ ಮುಂದೆ ಅಂಥ ಪರದೆ ಇರಲಿಲ್ಲ.

ಇಷ್ಟನ್ನೂ ಹುಡುಗಿಗೆ ಹೇಳುತ್ತಿದ್ದಾಗ ಅವಳು ಒಂದು ಪ್ರಶ್ನೆ ಹಾಕಿದಳು. "ಮುತ್ಯಾ, ನಾ ಎಲ್ಲಾ ಪರೀಕ್ಷಾ ಮಾಡ್ತೀನಿ. ವಯಸ್ಸು 120ರ ಒಳಗ ಇರಬೇಕು, ಹೆಸರು ಖಾಲಿ ಇರಬಾರದು, ಊರಿಗೆ ಪಟ್ಟಿ ಕೊಟ್ಟು ಆರಿಸ್ರಿ ಅಂತೀನಿ. ಆಗ ಸುಳ್ಳು ಹೆಂಗ ಬರ್ತದ?"

ಬಹಳ ಒಳ್ಳೆಯ ಪರೀಕ್ಷೆಗಳು, ಮಾಡಲೇಬೇಕಾದವು. ಮಾಡದಿದ್ದರೆ ಏನಾಗುವುದೆಂಬುದನ್ನು 1988ರ ನವೆಂಬರ್ 2ರಂದು ಅಮೆರಿಕದ ವಿಶ್ವವಿದ್ಯಾಲಯಗಳು ಅನುಭವಿಸಿದವು. ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಪ್ರೋಗ್ರಾಮೊಂದನ್ನು ಬಿಟ್ಟ. ಅದು ಒಳಹೊಕ್ಕ ದಾರಿಗಳಲ್ಲೊಂದು ಇಂಥದೇ ಒಂದು ಪ್ರಶ್ನೆಯ ಜಾಗ. ಉತ್ತರಕ್ಕೆಂದು 512 ಗುರುತುಗಳಷ್ಟು ಸ್ಥಳ ಇರಿಸಲಾಗಿತ್ತು. ಉತ್ತರ ಎಷ್ಟುದ್ದ ಬಂದಿತೆಂದು ಅಳೆಯುವ ಪದ್ಧತಿ ಇರಲಿಲ್ಲ. ಅವನು 536 ಕಳುಹಿಸಿದ. ಸೇರಿನ ಪಾತ್ರೆಗೆ ಒಂದೂಕಾಲು ಸೇರು ಸುರಿದರೆ ಮಿಕ್ಕಿದ್ದು ನೆಲದ ಮೇಲೆ ಚೆಲ್ಲುತ್ತದೆ. ಯಂತ್ರದಲ್ಲಿ ಅದು 'ಮುಂದೆ ಎಲ್ಲಿಗೆ ಹೋಗಬೇಕು' ಎಂದು ಪಕ್ಕದಲ್ಲಿ ಬರೆದಿಟ್ಟಿದ್ದ ವಿಳಾಸದ ಮೇಲೆಯೇ ಚೆಲ್ಲಿತು, ಕಳುಹಿಸಿದ ಉತ್ತರವೇ ಹೊಸ ಆಜ್ಞೆಯಾಯಿತು. ಅಳತೆಯಿಲ್ಲದೆ ಓದುವ ಆ ಹಳೆಯ ಪದ್ಧತಿಯನ್ನು 'ಸಿ' ಭಾಷೆಯ ನಿಯಮಗಳಿಂದ ಕೊನೆಗೂ ಕಿತ್ತುಹಾಕಿದ್ದು 2011ರಲ್ಲಿ.

ಆದರೆ ಪರೀಕ್ಷೆಗಳೆಲ್ಲವೂ ಕೇಳುವುದು 'ಉತ್ತರ ಕ್ರಮಬದ್ಧವಾಗಿದೆಯೆ?' ಎಂದು ಮಾತ್ರ. 'ನಿಜವೆ?' ಎಂದು ಕೇಳಲು ಅವುಗಳಿಗೆ ದಾರಿಯಿಲ್ಲ. 71 ಎಂಬುದು 120ಕ್ಕಿಂತ ಕಡಮೆ, ಸರಿ. ನನಗೆ ನಿಜವಾಗಿಯೂ ಎಪ್ಪತ್ತೊಂದೇ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಉತ್ತರ ಕೊಟ್ಟವನು ನಾನೇ ಎಂಬುದಾದರೂ ಹೇಗೆ ಗೊತ್ತಾಗಬೇಕು?

ಇದಕ್ಕೆ ದೃಷ್ಟಾಂತ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅವಳ ತಾಯಿಯ ತವರಾದ ಆಳಂದವೇ ಸಾಕು. 2022ರ ಕೊನೆಯಲ್ಲಿ ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆದುಹಾಕಬೇಕೆಂದು ಕೋರಿ, 7ನೆಯ ನಮೂನೆಯಲ್ಲಿ, ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದವು. ಖಾನೆಗಳೆಲ್ಲ ತುಂಬಿದ್ದವು, ಯಂತ್ರ ಅವನ್ನು ಸ್ವೀಕರಿಸಿತು. ಅದರ ಮಟ್ಟಿಗೆ ಅವು ಅರ್ಜಿಗಳೇ. ಒಂದೇ ಕ್ಷೇತ್ರದಿಂದ ಇಷ್ಟೊಂದು ಅರ್ಜಿಗಳೇ ಎಂಬ ಸಂಶಯ ಬಂದದ್ದು ಮನುಷ್ಯರಿಗೆ. ಅಧಿಕಾರಿಗಳು ಅರ್ಜಿಗಳನ್ನು ಹಿಡಿದುಕೊಂಡು ಸ್ಥಳ ಪರಿಶೀಲನೆಗೆ ಹೊರಟರು. ಊರು ಬಿಟ್ಟುಹೋಗಿದ್ದಾರೆಂದು ಕಾಗದದಲ್ಲಿ ಬರೆಯಲಾದವರು ಊರಲ್ಲಿಯೇ ಇದ್ದರು. 6,018ರಲ್ಲಿ ಸರಿಯೆಂದು ಕಂಡುಬಂದವು 24. ಮಿಕ್ಕ 5,994 ತಿರಸ್ಕೃತವಾದವು, ಆ ಹೆಸರುಗಳು ಪಟ್ಟಿಯಲ್ಲಿಯೇ ಉಳಿದವು. 2023ರ ಫೆಬ್ರುವರಿ 21ರಂದು ಆಳಂದದಲ್ಲಿ ಪೊಲೀಸು ಪ್ರಕರಣ ದಾಖಲಾಯಿತು. ಮೇ 10ರಂದು ಚುನಾವಣೆ ನಡೆಯಿತು. ಆ ಅರ್ಜಿಗಳ ಹಿಂದೆ ಯಾರ ಬೆರಳಿತ್ತು ಎಂಬುದು ತನಿಖೆಯ ಮತ್ತು ನ್ಯಾಯಾಲಯದ ವಿಷಯ, ಈ ಪುಟದ್ದಲ್ಲ.

ಒಂದು ಅಂಶವನ್ನು ಮಾತ್ರ ಗಮನಿಸಿ. ನಮ್ಮ ಬಂಧುಗಳ ಸರನಪ್ಪನ ವಿಷಯದಲ್ಲಿ ಉತ್ತರ ತಪ್ಪಾಗಿತ್ತು. ಒತ್ತಿದವನಲ್ಲಿ ಕೇಡಿರಲಿಲ್ಲ, ಕಿರುಬೆರಳಿನ ಆಯಾಸವಿದ್ದೀತು. ಆಳಂದದಲ್ಲಿ ಅಕ್ಷರಗಳು ತಪ್ಪಿರಲಿಲ್ಲ, ಹೇಳಿಕೆಯೇ ಸುಳ್ಳು. ಎರಡನ್ನೂ ಯಂತ್ರ ಒಂದೇ ನಿರ್ವಿಕಾರದಿಂದ ತೆಗೆದುಕೊಂಡಿತು. ಎರಡು ಕಡೆಯೂ ಯಾರ ಹೆಸರೋ ಅವರನ್ನು ಕೇಳದೆ ಕೆಲಸ ಮುಂದುವರಿದಿತ್ತು. ಒಂದು ಕಡೆ ಕೇಳುವ ಹೊತ್ತಿಗೆ ತೊಗರಿಯ ಬಿತ್ತನೆ ಮುಗಿದುಹೋಗಿತ್ತು. ಇನ್ನೊಂದು ಕಡೆ ಮತದಾನಕ್ಕೆ ಮುಂಚೆಯೇ ಯಾರೋ ಹೋಗಿ ಬಾಗಿಲು ತಟ್ಟಿ ಕೇಳಿದರು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಯಂತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಚಹಾ ಬರುವಷ್ಟರಲ್ಲಿ ಪ್ರೋಗ್ರಾಮು ಬದಲಾಗಿತ್ತು. ಊರುಗಳ ಹೆಸರಿಗೆ ನಾಲ್ಕೈದು ರೂಪಗಳನ್ನು ಬರೆದುಕೊಂಡಿದ್ದಳು, ಖಾಲಿಗಳನ್ನು ಕೊಡವಿದ್ದಳು, ಕನ್ನಡದ ಅಂಕಿಗೂ ಮರ್ಯಾದೆ ಕೊಟ್ಟಿದ್ದಳು. ಎಲ್ಲಕ್ಕೂ ಕೊನೆಗೆ ಒಂದು ಸಾಲು ಹೊಸದು. ನಾನು ಕೊಟ್ಟ ಉತ್ತರಗಳನ್ನೆಲ್ಲ ತಿರುಗಿ ನನ್ನ ಮುಂದೆಯೇ ಓದಿ ತೋರಿಸಿ ಅದು ಕೇಳಿತು: "ನೀವು ಹೇಳಿದ್ದು ಇದೇ ಅಲ್ಲವೆ? ಹೌದು ಅಥವಾ ಅಲ್ಲ ಎಂದು ಬರೆಯಿರಿ."

ನೋಡಿದೆ. ಹೆಸರು ಸರಿಯಾಗಿತ್ತು, ವಯಸ್ಸು ಸರಿಯಾಗಿತ್ತು, ಊರು ಜೇವರ್ಗಿ. ಸಂತೋಷದಿಂದ 'ಹೌದ್ರಿ' ಎಂದು ಬರೆದು ಎಂಟರ್ ಒತ್ತಿದೆ.

"ಈ ಉತ್ತರ ತಿಳಿಯಲಿಲ್ಲ" ಎಂದಿತು ಯಂತ್ರ.

"ಅಯ್ಯ ಮುತ್ಯಾ!" ಎಂದು ನಗುತ್ತ ಹುಡುಗಿ ಮತ್ತೆ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.